ವ್ಯಕ್ತಿ ಲಭ್ಯವಿಲ್ಲ

ಎಪ್ಪತ್ತೈದು ದಾಟಿದ ನೀವೇ ಬಂದು, ಹದಿನೇಳರ ನಿಮ್ಮೆದುರು ಕುರ್ಚಿ ಎಳೆದುಕೊಂಡು ಕೂತರೆ ಏನು ಮಾತಾಡಬಹುದು? ಜಗತ್ತಿನ ಗತಿ, ನೆಲ ಜಲದ ಪಾಡು, ಮನುಷ್ಯಕುಲದ ನಾಳೆ? ಯಂತ್ರ ಕಟ್ಟಿದವರು ಹಾಗೆಂದುಕೊಂಡೇ ಕಟ್ಟಿದ್ದರು. ಆದರೆ ಬಾಗಲಕೋಟೆಯ ನವನಗರದ ಯುವ ಮನೋಕೇಂದ್ರಕ್ಕೆ ಅದು ಬಂದ ಹೊಸತರಲ್ಲಿ, ಭವಿಷ್ಯದಿಂದ ಬಂದ ಮುದುಕ ಮುದುಕಿಯರೆಲ್ಲ ಮಾತಾಡಿದ್ದು ಹೆಚ್ಚಾಗಿ ಮಂಡಿನೋವಿನ ಬಗ್ಗೆ. ಒಬ್ಬ ಹುಡುಗನ ಮುಪ್ಪಿನ ಅವತಾರವಂತೂ ಸೊಸೆ ಮಾಡುವ ಸಾರನ್ನು ಮನಸಾರೆ ಬೈದು, ಇನ್ನು ಮಲಗುತ್ತೇನೆಂದು ಹೊರಟುಹೋಯಿತು. ಹುಡುಗ ಹೊರಗೆ ಬಂದವನೇ ಗೊಳ್ಳೆಂದು ನಕ್ಕ. ಅವನು ನಕ್ಕು ಎಷ್ಟೋ ತಿಂಗಳಾಗಿತ್ತು.

ಆ ನಗೆ ಕೇಳಿ ಸುನೇತ್ರಾ ಗಲಗಲಿ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಅವಳು ಆ ಕೇಂದ್ರದ ಆಪ್ತಸಮಾಲೋಚಕಿ. ಬೆಂಗಳೂರಿಗೆ ಹತ್ತಾರು ಸಲ ಫೋನು ಮಾಡಿ, ಅಧಿಕಾರಿಗಳ ತಲೆ ತಿಂದು, ಆ ಯಂತ್ರವನ್ನು ಈ ಊರಿಗೆ ತರಿಸಿದವಳು ಅವಳೇ.

ತರಿಸದೆ ಗತ್ಯಂತರವಿರಲಿಲ್ಲ. ಇದು ಈ ಶತಮಾನದ ನಲವತ್ತರ ದಶಕದ ಮಾತು. ಶಾಲೆಗಳು ನಸುಕಿನಲ್ಲೇ ಶುರುವಾಗಿ ಬಿಸಿಲೇರುವ ಮುನ್ನ ಮುಗಿಯುತ್ತಿದ್ದವು. ಮಧ್ಯಾಹ್ನ ಸೈರನ್ ಕೂಗಿತೆಂದರೆ ಸಂಜೆಯವರೆಗೂ ಯಾರೂ ರಸ್ತೆಗಿಳಿಯಬಾರದು. ಜನ ಅದಕ್ಕೆ 'ಬಿಸಿಲು ಬಂದ್' ಅನ್ನುತ್ತಿದ್ದರು. ಮಳೆಗಾಲದಲ್ಲಿ ಘಟಪ್ರಭೆ ಮೇಲೆದ್ದು ಬಂದರೆ ಅದಕ್ಕೆ ಬೇರೆಯದೇ ಸೈರನ್. ದೊಡ್ಡವರು ಇದಕ್ಕೆಲ್ಲ ಬೈದುಕೊಳ್ಳುತ್ತ ಒಗ್ಗಿಕೊಂಡರು. ಮಕ್ಕಳ ಒಳಗೆ ಮಾತ್ರ ಏನೋ ಕಳಚಿಬಿದ್ದಿತ್ತು. ಪರೀಕ್ಷೆಗೆ ಯಾಕೆ ಓದಬೇಕು, ಹಲ್ಲು ಯಾಕೆ ಉಜ್ಜಬೇಕು, ಹೇಗಿದ್ದರೂ ಮುಂದೆ ಏನೂ ಇಲ್ಲವಲ್ಲ ಎಂದು ಕೇಳುವ ಮಕ್ಕಳು ಮನೆಮನೆಯಲ್ಲೂ ಇದ್ದರು. ವೈದ್ಯರು ಅದಕ್ಕೆ 'ಹವಾಕ್ಲೇಶ' ಎಂದು ಹೆಸರಿಟ್ಟರು. ಹೆಸರಿಟ್ಟ ಮಾತ್ರಕ್ಕೆ ಯಾರಿಗೂ ನಿದ್ದೆ ಬರಲಿಲ್ಲ.

ಮುಂದೆ ಏನೂ ಇಲ್ಲ ಅನ್ನುವವರಿಗೆ 'ಇಗೋ, ಮುಂದೆ ನೀನೇ ಇದ್ದೀ ನೋಡು' ಎಂದು ತೋರಿಸುವುದೇ ಯಂತ್ರದ ಕೆಲಸ. ಅದಕ್ಕೊಂದು ಉದ್ದನೆಯ ಸರಕಾರಿ ಹೆಸರಿತ್ತು. ಊರವರು 'ಮುಪ್ಪಿನ ಪೆಟ್ಟಿಗೆ' ಎಂದು ಸುಲಭ ಮಾಡಿಕೊಂಡಿದ್ದರು. ಹುಡುಗನೋ ಹುಡುಗಿಯೋ ಅದರ ಮುಂದೆ ಕೂತು ಮನಸ್ಸಿಗೆ ಬಂದದ್ದನ್ನೆಲ್ಲ ಮಾತಾಡಬೇಕು. ಮನೆಯ ಹಿರಿಯರೂ ತಮ್ಮ ಬದುಕಿನ ಕತೆಯನ್ನು ಅದಕ್ಕೆ ಹೇಳಬೇಕು, ಯಾಕೆಂದರೆ ಮುಪ್ಪಿನ ಧಾಟಿ ಮನೆತನದಿಂದ ಬರುತ್ತದೆ. ಅದರ ಮೇಲೆ ಮುಂದಿನ ದಶಕಗಳ ಬಿಸಿಲು, ಮಳೆ, ರೋಗರುಜಿನಗಳ ಅಂದಾಜು. ಇಷ್ಟನ್ನೂ ಕಲಸಿ ಯಂತ್ರ ಒಂದು ಮುದಿ ದನಿಯನ್ನು ಹೊರಡಿಸುತ್ತಿತ್ತು. ಯಾರದೋ ದನಿ ಇನ್ಯಾರಿಗೋ ಹೋಗಿ ಎಡವಟ್ಟಾಗಬಾರದೆಂದು ಮೊದಲಲ್ಲೇ ಒಂದು ಗುರುತಿನ ಪ್ರಶ್ನೆ. ಹುಡುಗಿ ತನ್ನ ಹೆಸರು ಹೇಳಿ 'ನೀನೂ ಅವಳೇ ಏನು?' ಎಂದು ಕೇಳಬೇಕು. ಒಳಗಿನ ಮುದುಕಿ ಹೌದೆಂದರೆ ಮಾತುಕತೆಯ ಬಾಗಿಲು ತೆರೆಯುತ್ತದೆ. ಇಲ್ಲವಾದರೆ ಇಲ್ಲ.

ಸುನೇತ್ರಾಳ ಮಗಳು ಪ್ರಣತಿಗೆ ಬಾಗಿಲು ತೆರೆಯಲಿಲ್ಲ.

ಪ್ರಣತಿ ಪೆಟ್ಟಿಗೆಯ ಮುಂದೆ ಕೂರಲು ಒಪ್ಪಿದ್ದೇ ದೊಡ್ಡದು. ಅವಳಿಗೆ ಹದಿನೇಳು. 'ಬೇರು ಬಳಗ' ಎಂಬ ಹುಡುಗರ ಸಂಘದ ಮುಂದಾಳು. ನವನಗರದ ಹೆದ್ದಾರಿಯುದ್ದಕ್ಕೂ ಜನ ನೆರಳಲ್ಲಿ ನಡೆಯಲೆಂದು ತಗಡಿನ ಚಪ್ಪರ ಹಾಕುವ ಯೋಜನೆ ಬಂದಿತ್ತು. ಚಪ್ಪರಕ್ಕೆ ಅಡ್ಡ ಬರುತ್ತವೆಂದು ಎರಡೂ ಬದಿಯ ಬೇವು, ಹುಣಸೆ ಮರಗಳನ್ನು ಕಡಿಯುವುದೆಂದು ಆಗಿತ್ತು. ನೆರಳಿಗಾಗಿ ನೆರಳನ್ನೇ ಕಡಿಯುವ ಈ ಬುದ್ಧಿವಂತಿಕೆ ಯಾರದೆಂದು ಕೇಳಿದರೆ ಪ್ರತಿಯೊಬ್ಬ ಅಧಿಕಾರಿಯೂ ಪಕ್ಕದ ಕೋಣೆಯತ್ತ ಬೆರಳು ತೋರಿಸುತ್ತಿದ್ದ. ಪ್ರಣತಿ ಕೋಣೆಯಿಂದ ಕೋಣೆಗೆ ಅಲೆದು ಅಲೆದು ಸೊರಗಿದಳು. ನಿದ್ದೆ ಹೋಯಿತು, ಊಟ ಹೋಯಿತು. ಮಧ್ಯಾಹ್ನದ ಸೈರನ್ ಕೂಗಿದರೆ ಸಾಕು, ಬಚ್ಚಲ ಮನೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಊರ ಮಕ್ಕಳಿಗೆಲ್ಲ ಧೈರ್ಯ ಹೇಳುವ ಸುನೇತ್ರಾ ಆ ಬಾಗಿಲಿನ ಹೊರಗೆ ನಿಂತು ತನ್ನ ಮಗಳಿಗೆ ಏನು ಹೇಳಬೇಕೋ ತಿಳಿಯದೆ ಒದ್ದಾಡುತ್ತಿದ್ದಳು. ಕೊನೆಗೆ ಕೈಮುಗಿಯುವುದೊಂದು ಬಾಕಿ, ಅಷ್ಟು ಗೋಗರೆದು ಕೇಂದ್ರಕ್ಕೆ ಕರೆತಂದಳು.

ಯಂತ್ರ ನೋಡಿಕೊಳ್ಳುವ ಇಂಜಿನಿಯರ್ ಇಮ್ತಿಯಾಜ್ ಎಲ್ಲ ಸರಿಯಾಗಿಯೇ ಮಾಡಿದ. ಪ್ರಣತಿ ಮೈಕಿನ ಮುಂದೆ ಬಾಗಿ, "ನಾನು ಪ್ರಣತಿ. ನೀನೂ ಪ್ರಣತಿನೇ ಏನು?" ಎಂದು ಕೇಳಿದಳು.

ಒಳಗೆ ಯಾರೋ ಕೆಮ್ಮಿದ ಹಾಗಾಯಿತು. ಅಷ್ಟೇ. ಪರದೆಯ ಮೇಲೆ ಎರಡು ಪದ ಬಂದವು: ವ್ಯಕ್ತಿ ಲಭ್ಯವಿಲ್ಲ.

"ಲೈನ್ ಏನರ ಆಗಿರ್ಬೇಕ್ರಿ, ತಡೀರಿ," ಅಂದ ಇಮ್ತಿಯಾಜ್. ಆರಿಸಿ ಹಚ್ಚಿದ. ಮತ್ತೆ ಅದೇ. ವಯಸ್ಸು ಇಳಿಸಿ ಅರವತ್ತಕ್ಕೆ ಕೇಳಿದ. ಅದೇ. ನಲವತ್ತಕ್ಕೆ ಕೇಳಿದ. ಅದೇ. ಅವನ ಹಣೆಯ ಮೇಲೆ ಬೆವರು ಮೂಡಿತು. ಈ ಎರಡು ಪದ ಇದುವರೆಗೆ ಯಾವ ಮಗುವಿಗೂ ಬಂದಿರಲಿಲ್ಲ.

"ಸತ್ತಿರ್ತೀನಿ ಅಂತ ಅರ್ಥ ಏನಣ್ಣಾ ಇದು?" ಪ್ರಣತಿ ಕೇಳಿದಳು.

"ಛೇ ಛೇ, ಹಂಗೇನಿಲ್ಲವಾ."

"ಮತ್ತೇನು ಅರ್ಥ?"

ಇಮ್ತಿಯಾಜ್ ತಲೆ ಕೆರೆದುಕೊಂಡ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. "ನನಗ ಗೊತ್ತಿಲ್ಲ," ಅಂದ. ರೋಗರುಜಿನದ ಅಂದಾಜನ್ನೂ ಬಿಸಿಲಿನ ಅಂದಾಜನ್ನೂ ಯಂತ್ರಕ್ಕೆ ಉಣಿಸಿದವನು ಅವನೇ. ಅದು ಏನು ಕಲಿತಿದೆಯೋ ಅವನಿಗೂ ಪೂರ್ತಿ ತಿಳಿದಿರಲಿಲ್ಲ.

ಅಳುತ್ತಾಳೆ, ಕಿರುಚುತ್ತಾಳೆ, ಬಚ್ಚಲಿಗೆ ಓಡುತ್ತಾಳೆ ಎಂದು ಸುನೇತ್ರಾ ಮೈಯೆಲ್ಲ ಬಿಗಿಹಿಡಿದು ಕಾದಳು. ಪ್ರಣತಿ ಎದ್ದು, ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಸರಿಸಿ, "ನಡಿಯವ್ವಾ, ಹಸಿವಾಗೇದ," ಅಂದಳು.

ಅಲ್ಲಿಂದ ಶುರುವಾದವು ಸುನೇತ್ರಾಳ ತಲೆಕೆಡುವ ದಿನಗಳು. ಮಗಳು ಗುಣವಾಗಿಬಿಟ್ಟಳು! ರೊಟ್ಟಿ ಕೇಳಿ ಹಾಕಿಸಿಕೊಂಡು ತಿಂದಳು. ಗಡದ್ದಾಗಿ ನಿದ್ದೆ ಹೋದಳು. ಸೈರನ್ ಕೂಗಿದಾಗ ಬೆಚ್ಚದೆ, ಅಪ್ಪನ ಜೊತೆ ಕೇರಂ ಆಡಿದಳು. ಅಪ್ಪ ಪ್ರಹ್ಲಾದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು, "ನೋಡು, ನಿನ್ನ ಪೆಟ್ಟಿಗಿ ಕೆಲಸಾ ಮಾಡ್ತು," ಎಂದು ಹೆಂಡತಿಯ ಬೆನ್ನು ತಟ್ಟಿದ. ಯಂತ್ರ ಹೇಳಿದ್ದೇನೆಂದು ಸುನೇತ್ರಾ ಅವನಿಗಿನ್ನೂ ಹೇಳಿರಲಿಲ್ಲ. ಹೇಳಲು ಬಾಯಿ ಬಂದಿರಲಿಲ್ಲ. ಹವಾಕ್ಲೇಶದ ಲಕ್ಷಣಗಳನ್ನು ಒಂದೊಂದಾಗಿ ಮನಸ್ಸಿನಲ್ಲೇ ತಾಳೆ ನೋಡಿದಳು. ಮಗಳಲ್ಲಿ ಒಂದೂ ಉಳಿದಿರಲಿಲ್ಲ. ಬೇರೆ ಯಾವ ಮಗುವಾಗಿದ್ದರೂ ಚಿಕಿತ್ಸೆ ಮುಗಿಯಿತೆಂದು ಸಿಹಿ ಹಂಚಿ ಮನೆಗೆ ಕಳಿಸುತ್ತಿದ್ದಳು. ಹಾಗಾದರೆ ಮಗಳು ಮಲಗಿದ ಮೇಲೂ ತಾನು ಎದ್ದೆದ್ದು ಬಂದು ನೋಡುವುದು ಯಾಕೆ?

ಯಾಕೆಂದು ಒಂದು ಬೆಳಿಗ್ಗೆ ಚಹಾದ ಹೊತ್ತಿಗೆ ತಿಳಿಯಿತು.

"ಅವ್ವಾ, ನಾಳಿಂದ ಡಿಸಿ ಆಫೀಸಿನ ಮುಂದ ಉಪವಾಸ ಕೂಡ್ತೀನಿ," ಅಂದಳು ಪ್ರಣತಿ, ಬಿಸ್ಕೀಟನ್ನು ಚಹಾದಲ್ಲಿ ಅದ್ದುತ್ತ. "ನೀರೂ ಮುಟ್ಟಂಗಿಲ್ಲ. ಗಿಡಾ ಕಡಿಯೂದಿಲ್ಲ ಅಂತ ಬರದು ಕೊಡೂತನಕ."

"ಹುಚ್ಚು ಹಿಡಿದದೇನು ನಿನಗ? ಈ ಬಿಸಿಲಾಗ ನೀರಿಲ್ಲದ ಕೂತ್ರ ಸತ್ತs ಹೋಗ್ತಿ!"

"ಹೆಂಗೂ ನಾ ಇರಂಗಿಲ್ಲಂತಲ್ಲ. ಅಂದಮ್ಯಾಲೆ ಹೆದರಿಕಿ ಯಾಕ?" ಪ್ರಣತಿ ನಕ್ಕಳು. ಕೆಟ್ಟ ನಗೆಯಲ್ಲ, ಹಗುರಾದವರ ನಗೆ. "ಖರೇ ಹೇಳ್ತೀನಿ ಅವ್ವಾ, ಎಷ್ಟು ವರ್ಷದ ಮ್ಯಾಲೆ ಆರಾಮ ಅನಸ್ಲಿಕತ್ತದ. ಉಳೀತೀನೋ ಇಲ್ಲೋ, ಉಳೀತೀನೋ ಇಲ್ಲೋ ಅಂತ ಎದಿ ಹೊಡಕೋತಿತ್ತಲ್ಲ, ಅದು ನಿಂತುಹೋತು. ಛೊಲೋ ಪೆಟ್ಟಿಗಿ ತರಿಸಿದಿ ನೀನು."

ಸುನೇತ್ರಾಳಿಗೆ ಕೂಗಿಕೊಳ್ಳಬೇಕೆನ್ನಿಸಿತು. ಹೆದರಿಕೆ ಬಿಡಿಸುವುದೇ ಅವಳ ಕಸುಬು. ಇಷ್ಟು ವರ್ಷ ಎಷ್ಟೋ ಮಕ್ಕಳಿಗೆ ಹೆದರಬೇಡ, ಹೆದರಬೇಡ ಎಂದು ಹೇಳಿದ್ದಳು. ಈಗ ಸ್ವಂತ ಮಗಳು ಒಂದಿಷ್ಟೂ ಹೆದರದೆ ಕೂತಿದ್ದಳು, ಅದನ್ನು ನೋಡಿ ಅವಳ ಜೀವ ಬಾಯಿಗೆ ಬಂದಿತ್ತು.

ಉಪವಾಸ ಶುರುವಾಯಿತು. ಡಿಸಿ ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಬೇರು ಬಳಗದ ಹುಡುಗರು ಜಮಖಾನೆ ಹಾಸಿದರು. ಪೆಟ್ಟಿಗೆಯ ಸುದ್ದಿ ಅದು ಹೇಗೋ ಹೊರಬಿದ್ದು, ಪ್ರಣತಿಯ ಗೆಳೆಯ ಸಮರ್ಥ ಅದನ್ನೇ ಬ್ಯಾನರ್ ಮಾಡಿಸಿದ: ಪ್ರಣತಿಯ ಮುಖ, ಕೆಳಗೆ ದಪ್ಪ ಅಕ್ಷರದಲ್ಲಿ 'ವ್ಯಕ್ತಿ ಲಭ್ಯವಿಲ್ಲ'. ಒಂದೇ ದಿನದಲ್ಲಿ ಇಳಕಲ್ಲು, ಮುಧೋಳ, ಬಾದಾಮಿಯಿಂದ ಹುಡುಗರು ಬಂದಿಳಿದರು. ಅದೇ ಎರಡು ಪದವನ್ನು ಅಂಗಿಯ ಮೇಲೆ ಬರೆದುಕೊಂಡರು. ಭವಿಷ್ಯದಲ್ಲಿ ಇಲ್ಲದ ಹುಡುಗಿ ಎಂದು ಅವಳನ್ನು ಮುಟ್ಟಿ ನಮಸ್ಕಾರ ಮಾಡುವವರೂ ಹುಟ್ಟಿಕೊಂಡರು. ಅಧಿಕಾರಿಗಳು ಕಿಟಕಿಯಿಂದ ಇಣುಕಿ ಒಳಗೆ ಹೋಗುತ್ತಿದ್ದರು.

ಪ್ರಹ್ಲಾದ ಒಮ್ಮೆ ಮಗಳನ್ನು ಎತ್ತಿಕೊಂಡೇ ಆಸ್ಪತ್ರೆಗೆ ಒಯ್ದ. ಸಲೈನ್ ಹಾಕಿದರು. ಅವಳು ಸೂಜಿ ಕಿತ್ತು, ಬರಿಗಾಲಲ್ಲಿ ನಡೆದು ವಾಪಸು ಬಂದು ಕೂತಳು. ಮತ್ತೊಮ್ಮೆ ಹೀಗೆ ಮಾಡಿದರೆ ಎಲ್ಲಿಗೆ ಹೋಗುತ್ತೇನೆಂದು ಹೇಳದೆಯೇ ಹೋಗಿ ಕೂರುತ್ತೇನೆ, ಕಣ್ಣೆದುರಿಗಾದರೂ ಇರಲಿ ಅನ್ನಿಸಿದರೆ ಬಿಡಿ ಅಂದಳು. ಬಿಟ್ಟರು. ಬಿಡದೆ ಏನು ಮಾಡುವುದು? ಮೂರನೆಯ ದಿನ ಬೆಳಿಗ್ಗೆ ವೈದ್ಯರು ಅಲ್ಲಿಗೇ ಬಂದು ನೋಡಿ, ಸುನೇತ್ರಾಳನ್ನು ಬದಿಗೆ ಕರೆದು, ಮೂತ್ರಪಿಂಡಗಳು ಇನ್ನು ಹೆಚ್ಚು ತಡೆಯುವುದಿಲ್ಲ, ಇವತ್ತು ಸಂಜೆಯೊಳಗೆ ನೀರು ಕುಡಿಯದಿದ್ದರೆ ನಮ್ಮ ಕೈಯಲ್ಲಿಲ್ಲ ಎಂದು ಹೇಳಿದರು.

ಬಟ್ಟೆ ಬದಲಿಸಲೆಂದು ಮನೆಗೆ ಬಂದ ಸುನೇತ್ರಾ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಪ್ರಹ್ಲಾದ ಬಂದು ಎದುರಿಗೆ ಕೂತ.

"ಆ ಪೆಟ್ಟಿಗಿ ಹೇಳಿದ್ದು ಖರೇನs ಅಂತ ಹೆಂಗ ಗೊತ್ತಾತು ನಿಮಗ?" ಅಂದ ಅವನು, ಬೈಯುವ ಧಾಟಿಯಲ್ಲಿ. "ಹವಾಮಾನದವ್ರು ಹೊಸಾ ಲೆಕ್ಕಾಚಾರ ಮಾಡಿದ್ರ ಅದನ್ನ ಹೆಂಗ ಪರೀಕ್ಷಾ ಮಾಡ್ತಾರ ಗೊತ್ತದಿಲ್ಲೋ? ಬರೂ ಮಳಿ ಕೇಳೂದಿಲ್ಲ. ಆಗಿಹೋದ ಮಳಿ ಕೇಳ್ತಾರ. ಹಳೇ ವರ್ಷದ ಅಂಕಿ ಕೊಟ್ಟು, ಮುಂದಿನ ವರ್ಷ ಹೇಳು ಅಂತಾರ. ಆ ವರ್ಷ ಏನಾತು ಅನ್ನೂದು ಇವ್ರಿಗೆ ಮೊದಲs ಗೊತ್ತಿರ್ತದ. ತಾಳೆ ಆತು ಅಂದ್ರ ನಂಬತಾರ. ನಿಮ್ಮ ಪೆಟ್ಟಿಗಿಗೆ ಅದನ್ನ ಯಾರರ ಮಾಡೀರೇನು?"

ಸುನೇತ್ರಾ ತಲೆ ಎತ್ತಿದಳು. ಯಾರೂ ಮಾಡಿರಲಿಲ್ಲ. ಇನ್ನೂ ಬಾರದ ಮುಪ್ಪನ್ನು ತಾಳೆ ನೋಡುವುದು ಹೇಗೆ ಎಂದು ಯಾರಿಗೂ ಹೊಳೆದಿರಲಿಲ್ಲ. ಆಗಲೇ ದೊಡ್ಡವರಾದ ಯಾರದಾದರೂ ಹದಿನೇಳರ ಮಾತು ಸಿಕ್ಕರೆ? ಅದು ಅವಳದೇ ಇತ್ತಲ್ಲ! ಜಮಖಂಡಿಯ ತವರುಮನೆಯಲ್ಲಿ ಅಣ್ಣ ಒಂದು ಹಳೆಯ ವಿಡಿಯೋ ಜೋಪಾನವಾಗಿಟ್ಟಿದ್ದ. ಕಾಲೇಜಿನ ಚರ್ಚಾಕೂಟದಲ್ಲಿ ಅವಳು ಕೃಷ್ಣೆಯ ಮಹಾಪೂರದ ಬಗ್ಗೆ ಮೇಜು ಗುದ್ದಿ ಮಾತಾಡಿದ್ದು, ಆಮೇಲೆ ಬಹುಮಾನ ಹಿಡಿದು ಗೆಳತಿಯರ ಜೊತೆ ಹರಟಿದ್ದು ಎಲ್ಲವೂ ಅದರಲ್ಲಿತ್ತು. ಅಣ್ಣನಿಗೆ ಫೋನು ಮಾಡಿ, "ಈಗಿಂದೀಗ ಕಳಸು, ಯಾಕ ಅಂತ ಕೇಳಬ್ಯಾಡ," ಅಂದಳು.

ಕೇಂದ್ರದಲ್ಲಿ ಇಮ್ತಿಯಾಜ್ ವಿಡಿಯೋದ ಮಾತನ್ನೆಲ್ಲ ಪೆಟ್ಟಿಗೆಗೆ ಉಣಿಸಿದ. ಗಲಗಲಿ ಮನೆತನದ ಹಿರಿಯರು ಪ್ರಣತಿಗಾಗಿ ಹೇಳಿದ್ದ ಕತೆಗಳು ಅದರಲ್ಲಿ ಮೊದಲೇ ಇದ್ದವು. ಸುನೇತ್ರಾ ಫೋನಿನಲ್ಲೇ ತವರಿನ ಅತ್ತಿಗೆಯಿಂದ, ಚಿಕ್ಕಮ್ಮನಿಂದ ಒಂದಿಷ್ಟು ಮಾತು ಹಿಡಿದು ಕೊಟ್ಟಳು. ಅವಳ ಈಗಿನ ವಯಸ್ಸಿಗೆ ಮುಳ್ಳು ತಿರುಗಿಸಿ ಇಮ್ತಿಯಾಜ್ ಕೇಳಿದ: "ಹೆಸರೇನು ಹಾಕ್ಲಿರಿ ಮೇಡಂ?"

"ವಿಡಿಯೋದಾಗ ಹೇಳ್ತಾರಲ್ಲ, ಅದನ್ನs ಹಾಕ್ರಿ."

ವಿಡಿಯೋದಲ್ಲಿ ನಿರೂಪಕರು 'ಕುಮಾರಿ ಕುಂದಾ ಮುಧೋಳಕರ' ಎಂದು ಕೂಗುತ್ತಿದ್ದರು. ಇಮ್ತಿಯಾಜ್ ಹಾಗೆಯೇ ಹಾಕಿದ. ಹದಿನೇಳರ ದನಿಯಲ್ಲಿ ಯಂತ್ರವೇ ಕೇಳಿತು: "ನಾನು ಕುಂದಾ. ನೀನೂ ಕುಂದಾನೇ ಏನು?"

ಒಳಗೆ ಯಾರೋ ಬಳೆ ಸರಿಸಿದ ಸದ್ದು. ಆಮೇಲೆ ಪರದೆಯ ಮೇಲೆ: ವ್ಯಕ್ತಿ ಲಭ್ಯವಿಲ್ಲ.

"ಯಾ ಅಲ್ಲಾ," ಇಮ್ತಿಯಾಜ್ ಕುರ್ಚಿಯಿಂದ ಎದ್ದೇಬಿಟ್ಟ. "ನೀವು ಇಲ್ಲೇ ಕುಂತೀರಲ್ರಿ ಮೇಡಂ! ಜೀವಂತ ಅದೀರಿ!" ನಗುವನ್ನು ತಡೆದುಕೊಂಡು, ಮತ್ತೆ ಗಾಬರಿಯಾಗಿ ಅವಳ ಮುಖ ನೋಡಿದ. "ಆದ್ರ ಕುಂದಾ ಅಂದ್ರ ಯಾರ್ರಿ?"

"ನಾನs," ಅಂದಳು ಸುನೇತ್ರಾ. ಅಂದ ಮೇಲೆ ಆ ಮಾತು ಅವಳಿಗೇ ವಿಚಿತ್ರವಾಗಿ ಕೇಳಿಸಿತು.

ತವರಲ್ಲಿ ಈಗ ಅಣ್ಣನೂ ಅವಳನ್ನು 'ತಂಗಿ' ಎಂದಷ್ಟೇ ಕರೆಯುತ್ತಾನೆ. ಕುಂದಾ ಎಂದು ಕರೆಯುತ್ತಿದ್ದ ಅಪ್ಪ, ಅವ್ವ ಇಬ್ಬರೂ ಹೋದರು. ಅವಳ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿದರು. ಪ್ರಹ್ಲಾದ ಉಂಗುರ ಹಿಡಿದು ಅಕ್ಕಿಯ ಮೇಲೆ ಅವಳ ಹೊಸ ಹೆಸರನ್ನು, ಸುನೇತ್ರಾ ಎಂದು ಬರೆದ. ಸುತ್ತ ನಿಂತವರು ಚಪ್ಪಾಳೆ ತಟ್ಟಿ ಪೇಡೆ ಹಂಚಿದರು. ಈ ಪದ್ಧತಿ ಉಳಿದಿರುವ ಕೆಲವೇ ಮನೆತನಗಳಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ ಹಾಗೆಯೇ; ಅಂಥ ಮನೆಯಿಂದ ಪೆಟ್ಟಿಗೆಯ ಮುಂದೆ ಕೂತ ಹುಡುಗಿ ಪ್ರಣತಿ ಒಬ್ಬಳೇ. ಅತ್ತೆ ತವರಲ್ಲಿ ಬೇರೆ ಏನೋ ಆಗಿದ್ದರು, ಅತ್ತೆಯ ಅತ್ತೆಯೂ. ಅದರಲ್ಲಿ ಯಾರೂ ಯಾರಿಗೂ ಬಲವಂತ ಮಾಡಿರಲಿಲ್ಲ. ಬೇಸರಪಟ್ಟುಕೊಂಡದ್ದೂ ಅವಳಿಗೆ ನೆನಪಿಲ್ಲ. ಬರಬರುತ್ತ ಆ ಹೆಸರು ತನ್ನದೆನ್ನುವುದೇ ಮರೆತುಹೋಗಿತ್ತು, ಅಷ್ಟೇ.

"ಆ ಗುರುತಿನ ಪ್ರಶ್ನೆ ತಗೀರಿ," ಅಂದಳು. "ಬಾಗಲಾ ಇಲ್ಲದಂಗ ಮಾಡಿ ಕೇಳ್ರಿ."

ಇಮ್ತಿಯಾಜ್ ಅದನ್ನು ತೆಗೆದ. ಪೆಟ್ಟಿಗೆ ಗಂಟಲು ಸರಿಮಾಡಿಕೊಂಡಿತು. "ಹ್ಞಾಂ, ವಸುಧಾ ಮಾತಾಡ್ಲಿಕತ್ತೀನ್ರಿ," ಎಂದಿತು ಸುನೇತ್ರಾಳ ದನಿ. ಯಂತ್ರ ತಾನೇ ಊಹಿಸಿ ಇಟ್ಟುಕೊಂಡ ಹೆಸರೊಂದು ಬೇರೆ, ಉಳಿದದ್ದೆಲ್ಲ ಅವಳೇ. ಮಾತಿನ ನಡುವೆ ಉಸಿರೆಳೆದುಕೊಳ್ಳುವುದು ಸಹಿತ. "ಏನು ಹೇಳೂದ್ರಿ, ಮಗಳದೊಂದs ಚಿಂತಿ. ಬಾಕಿ ಎಲ್ಲಾ ಆರಾಮ."

ಸುನೇತ್ರಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಇಮ್ತಿಯಾಜ್ ಒಳಗಿನ ಮಾತುಗಳನ್ನೆಲ್ಲ ಕೆದಕಿ ನೋಡಿದ. ಆ ಎರಡು ಮನೆತನದ ಪ್ರತಿ ಹೆಂಗಸೂ ತನ್ನ ಕತೆ ಹೇಳುವಾಗ ಒಂದಲ್ಲ ಒಂದು ಕಡೆ 'ಅವತ್ತಿಂದ ನಾ ಇಂಥಾಕಿ ಆದೆ' ಎಂದಿದ್ದಳು. ಯಂತ್ರ ಅದನ್ನು ಕಲಿತಿತ್ತು. ಹುಡುಗಿಯ ಹೆಸರು ಒಂದು ದಿನ ಮುಗಿಯುತ್ತದೆ, ಆಮೇಲೆ ಆ ಹೆಸರಿಗೆ ಯಾರೂ ಓಗೊಡುವುದಿಲ್ಲ ಎಂದು ಅದು ಶ್ರದ್ಧೆಯಿಂದ ಕಲಿತಿತ್ತು.

"ನಮ್ಮ ಕಡೆ ಹಿಂಗ ಇಲ್ರಿ, ನನಗ ಹೆಂಗ ಹೊಳೀಬೇಕು," ಎಂದು ಇಮ್ತಿಯಾಜ್ ಪೇಚಾಡಿಕೊಂಡ. ನನಗಾದರೂ ಹೊಳೆಯಬೇಕಿತ್ತಲ್ಲ ಎಂದು ಸುನೇತ್ರಾ ಅಂದುಕೊಂಡಳು. ಅವನು ಮತ್ತೆ, ಹಿಂಜರಿಯುತ್ತ, "ಒಂದು ಮಾತ್ರಿ ಮೇಡಂ. ಪ್ರಣತಿ ಮುಪ್ಪಿನತನಕ ಬದುಕ್ತಾಳಂತ ಇದು ಗ್ಯಾರಂಟಿ ಕೊಟ್ಟಂಗ ಅಲ್ಲ. ಸಾಯ್ತಾಳಂತ ಹೇಳಿಲ್ಲ, ಅಷ್ಟs ಖರೇ," ಎಂದ.

"ಅಷ್ಟು ಸಾಕು, ಹೊತ್ತುಕೊಳ್ರಿ ಪೆಟ್ಟಿಗಿ," ಅಂದಳು ಸುನೇತ್ರಾ.

ಬೇವಿನ ಮರದ ಕೆಳಗೆ ಪ್ರಣತಿ ಬೊಡ್ಡೆಗೊರಗಿ ಕೂತಿದ್ದಳು. ತುಟಿ ಒಡೆದು ಕಪ್ಪಾಗಿದ್ದವು. ಕಣ್ಣು ಗುಳಿಬಿದ್ದಿದ್ದವು, ಆದರೂ ಮುಖದ ಮೇಲೆ ಅದೇ ಹಗುರಾದ ಕಳೆ. ಬಿಸಿಲು ಬಂದಿನ ಸೈರನ್ ಆಗಲೇ ಕೂಗಿತ್ತು. ಹುಡುಗರು ಯಾರೂ ಕದಲಿರಲಿಲ್ಲ. ಸುನೇತ್ರಾ ಮಗಳ ಪಕ್ಕ ಕೂತು, ಉಸಿರು ಕಟ್ಟಿ, ನಡೆದದ್ದನ್ನೆಲ್ಲ ಹೇಳಿದಳು. ವಿಡಿಯೋ, ಕುಂದಾ, ಅಕ್ಕಿಯ ತಾಟು, ಎಲ್ಲ. ಮಗಳು ಎದ್ದು ಕುಣಿದಾಳು ಎಂದೇನೂ ಅಂದುಕೊಂಡಿರಲಿಲ್ಲ, ಆದರೂ ಕೈಯಲ್ಲಿ ನೀರಿನ ಲೋಟ ತುಂಬಿ ಹಿಡಿದಿದ್ದಳು.

ಮೊದಲು ಸಿಟ್ಟಿಗೆದ್ದವನು ಸಮರ್ಥ. "ಆಂಟಿ, ಬ್ಯಾನರಿನ ಮ್ಯಾಲೆ ಅದs ಐತಿ. ಇಷ್ಟು ಮಂದಿ ಬಂದಿದ್ದs ಅದಕ್ಕ. ಈಗ ಸುಳ್ಳಾತು ಅಂತ ಹೆಂಗ ಹೇಳೂದು?"

"ಸುಮ್ನಿರೋ," ಎಂದಳು ಪ್ರಣತಿ. ದನಿ ಕಾಗದ ಹರಿದ ಹಾಗಿತ್ತು. ತಾಯಿಯನ್ನು ದಿಟ್ಟಿಸಿದಳು. "ನನ್ನ ಉಳಸಾಕ ಕತಿ ಕಟ್ಟಿರ್ತಿ ನೀನು."

"ನೀನs ಮಾತಾಡು," ಎಂದು ಸುನೇತ್ರಾ ಪೆಟ್ಟಿಗೆಯನ್ನು ಮುಂದಿಟ್ಟಳು.

ಇಮ್ತಿಯಾಜ್ ಗುಂಡಿ ಒತ್ತಿದ. ಈ ಸಲ ಹೆಸರು ಹೇಳುವ ಗೊಡವೆ ಇರಲಿಲ್ಲ. ಒಳಗೊಬ್ಬ ಮುದುಕಿ ಕೆಮ್ಮಿದಳು. ಅವತ್ತು ಕೇಳಿಸಿದ್ದ ಅದೇ ಕೆಮ್ಮು.

"ಯಾರವಾ?" ಅಂದಿತು ದನಿ. ಸುತ್ತಲಿನ ಹುಡುಗರು ಹತ್ತಿರ ಸರಿದರು. ವಯಸ್ಸಾಗಿದ್ದರೂ, ಒರಟಾಗಿದ್ದರೂ, ಅದು ಪ್ರಣತಿಯ ದನಿಯೆಂದು ಹೇಳಲು ಯಾರೂ ಬೇಕಿರಲಿಲ್ಲ.

ಪ್ರಣತಿಯ ಬೆನ್ನು ನೆಟ್ಟಗಾಯಿತು. "ಅಜ್ಜೀ... ನಿಮ್ಮ ಹೆಸರು?"

"ಜಾಹ್ನವಿ ಅಂತಾರವಾ. ನೀ ಯಾರ ಪೈಕಿ?"

"ನಿಮ್ಮ ಊರಾಗ ಬಿಸಿಲು ಹೆಂಗದರಿ?"

"ಬಿಸಿಲು ಬಿಸಿಲಂಗs ಅದ. ತಗಡಿನ ಚಪ್ಪರದ ಕೆಳಗ ಹೋಗೂದಕ್ಕ ಬರೂದಿಲ್ಲ, ಕಾದು ಹಂಚಾಗಿರ್ತದ. ನಾವು ಮನ್ಯಾಗs ಇರ್ತೀವಿ. ಒಗ್ಗೇದ ಬಿಡು." ಮುದುಕಿ ಆಕಳಿಸಿದಳು. "ಮೊಣಕಾಲೊಂದು ಸರೀ ಇದ್ರ ಬ್ಯಾರೆ ಏನೂ ಬೇಕಾಗಿಲ್ಲ."

"ಅಲ್ಲೆ ಗಿಡಾ ಇದ್ದುವಲ್ರಿ. ಬೇವು, ಹುಣಸಿ. ಅವನ್ನ ಉಳಸಲಿಕ್ಕೆ ಒಂದು ಹುಡುಗಿ ಉಪವಾಸ ಕೂತಿದ್ಲು. ಪ್ರಣತಿ ಅಂತ. ನೆನಪದ ಏನ್ರಿ?"

ಪ್ರಣತಿ ಮುಂದಕ್ಕೆ ಬಾಗಿದಳು.

"ಇದ್ಲು ಅಂತ ಕಾಣಸ್ತದ ಯಾರೋ ಒಬ್ಬಾಕಿ," ಎಂದಿತು ದನಿ. "ಭಾಳ ಹಟಮಾರಿ ಇದ್ಲಂತ. ಏನಾತೋ ಏನೋ ಆಕಿದು. ಅಷ್ಟು ಹಳೇದು ಯಾರು ನೆನಪಿಟಗೋತಾರವಾ."

ಪ್ರಣತಿ ಕೈ ಚಾಚಿ ತಾನೇ ಗುಂಡಿ ಆರಿಸಿದಳು.

ಸುನೇತ್ರಾ ಮಗಳ ಮುಖವನ್ನೇ ನೋಡುತ್ತಿದ್ದಳು. ಆ ಹಗುರಾದ ಕಳೆ ಮೆಲ್ಲಗೆ ಇಳಿದುಹೋಯಿತು. ಕಣ್ಣು ಗಲಿಬಿಲಿಯಾಗಿ ಅತ್ತಿತ್ತ ಓಡಾಡಿದವು: ಬ್ಯಾನರಿನ ಮೇಲಿನ ತನ್ನ ಮುಖದತ್ತ, ಅಂಗಿಗಳ ಮೇಲಿನ ಆ ಎರಡು ಪದದತ್ತ, ಬೇವಿನ ಕೊಂಬೆಗಳತ್ತ. ಇಷ್ಟು ದಿನ ಅವಳ ಮುಂದೆ ಏನೂ ಇರಲಿಲ್ಲ, ಅದೊಂದು ನೆಮ್ಮದಿಯಾಗಿತ್ತು. ಈಗ ಮುಂದೆ ಉದ್ದಾನುದ್ದ ವರ್ಷಗಳಿದ್ದವು. ಅಷ್ಟು ವರ್ಷಗಳಲ್ಲಿ ಏನು ಬೇಕಾದರೂ ಆಗಬಹುದಿತ್ತು. ಸಾಯಬಹುದಿತ್ತು. ಸಾಯದೆ, ಒಗ್ಗೇದ ಬಿಡು ಎಂದು ಆಕಳಿಸುವ ಆ ಮುದುಕಿಯೂ ಆಗಬಹುದಿತ್ತು.

"ಅವ್ವಾ, ಆಕಿ ನಾನೇನು?"

"ಗೊತ್ತಿಲ್ಲವಾ. ಆಗ್ಲೇಬೇಕು ಅಂತೇನಿಲ್ಲ."

"ಹಂಗಾರ ನಾ ಯಾರಾಗ್ತೀನಿ?"

ಸಮಾಲೋಚಕಿಗೆ ಉತ್ತರ ಗೊತ್ತಿರಬೇಕಿತ್ತು. ಇಂಥ ಪ್ರಶ್ನೆಗೆ ಹೇಳುವ ಮಾತುಗಳನ್ನು ಅವಳು ತರಬೇತಿಯಲ್ಲಿ ಕಲಿತಿದ್ದಳು, ಬೇರೆಯವರಿಗೆ ಕಲಿಸಿಯೂ ಇದ್ದಳು. ಅವನ್ನೆಲ್ಲ ಬಿಟ್ಟು, "ನನಗೂ ತಿಳೀವಲ್ತು," ಎಂದುಬಿಟ್ಟಳು.

ಪ್ರಣತಿ ತಾಯಿಯ ಮಣಿಕಟ್ಟು ಹಿಡಿದುಕೊಂಡಳು. ಉಗುರು ಊರುವಷ್ಟು ಬಿಗಿಯಾಗಿ. ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿದ್ದುದು ಅಂಗಿಯ ಮೇಲಿಂದಲೇ ಕಾಣುತ್ತಿತ್ತು.

"ಅವ್ವಾ, ಹೆದರಿಕಿ ಆಗ್ಲಿಕತ್ತದ. ಮೊದಲಿನಂಗs. ಭಾಳ ಹೆದರಿಕಿ ಆಗ್ಲಿಕತ್ತದ!"

ಹೆದರಬೇಡ ಎಂಬ ಮಾತು ಅಭ್ಯಾಸಬಲದಿಂದ ಸುನೇತ್ರಾಳ ಗಂಟಲ ತನಕ ಬಂತು. ಅದನ್ನು ಅಲ್ಲೇ ನುಂಗಿದಳು. ಮಗಳ ತಲೆಯನ್ನು ಎದೆಗಾನಿಸಿಕೊಂಡು ಲೋಟವನ್ನು ಒಡೆದ ತುಟಿಗಳಿಗೆ ತಾಗಿಸಿದಳು.

"ಆಗ್ಲಿ ನನ್ನವ್ವಾ," ಎಂದಳು. "ಹೆದರಿಕೋತs ಕುಡಿ."